ಕನ್ನಡಿ ಬಟ್ಟೆಯೂ ನನ್ನ ರಕ್ಷಣಾ ನೀತಿಯೂ

ಗಡಿಯಲ್ಲಿ ಕಾಳಗ ನಡೆದ ಆ ಬೇಸಿಗೆಯಲ್ಲಿ, ದೇಶ ಕಾಯುವ ಕೆಲಸವನ್ನು ಪೂರ್ತಿಯಾಗಿ ಸೈನ್ಯಕ್ಕೇ ಬಿಟ್ಟುಕೊಡಲು ನಮಗೆ ಮನಸ್ಸಾಗಲಿಲ್ಲ. ನಮಗೆ ಅಂದರೆ, ಗೋವೆಯ ಝುವಾರಿನಗರದ ನಮ್ಮ ಓಣಿಯ ತುದಿಯಲ್ಲಿ, ಚಹಾದಂಗಡಿಯ ಮುಂದಿನ ಕಟ್ಟೆಯ ಮೇಲೆ ದಿನಾ ಬೆಳಿಗ್ಗೆ ಕೂರುವ ಮುದುಕರಿಗೆ. ಎಲ್ಲರೂ ವಿಜಯಪುರ, ಬಾಗಲಕೋಟೆ, ಗದಗದ ಕಡೆಯಿಂದ ದುಡಿಯಲು ಬಂದು ಇಲ್ಲೇ ಹಣ್ಣಾದವರು. ನಮ್ಮಲ್ಲಿ ಹತ್ತನೆಯ ತರಗತಿ ಪಾಸಾದವನು ನಾನೊಬ್ಬನೇ. ಮೇಲಾಗಿ, ಬಂದರಿನಲ್ಲಿ ಮೂಟೆ ಹೊರುವುದು ಬೆನ್ನಿಗೆ ಒಗ್ಗದಾದ ಮೇಲೆ ನಾನು ಗೋದಾಮೊಂದರ ಕಾವಲುಗಾರನಾಗಿದ್ದೆ. ಭದ್ರತೆಯ ವಿಷಯದಲ್ಲಿ ಅನುಭವಸ್ಥ ಎಂದು ನನ್ನ ಮಾತಿಗೆ ತೂಕವಿತ್ತು. ಆ ಗೋದಾಮಿನ ಮೇಲೆ ದಾಳಿ ಮಾಡಿದ್ದು ಇಲಿಗಳು ಮಾತ್ರ, ಆ ಯುದ್ಧದಲ್ಲೂ ಗೆದ್ದದ್ದು ಇಲಿಗಳೇ ಎಂಬುದನ್ನು ಕಟ್ಟೆಯ ಮೇಲೆ ನಾನು ಎಂದೂ ಹೇಳಿರಲಿಲ್ಲ.

ಟಿವಿಯಲ್ಲಿ ರಾತ್ರಿ ಕೇಳಿದ್ದನ್ನು ಬೆಳಿಗ್ಗೆ ನಾನು ಕಟ್ಟೆಯ ಮೇಲೆ ವಿವರಿಸುತ್ತಿದ್ದೆ. ಹಳೆಯ ಕಾಲದ ಯುದ್ಧ ಮುಗಿಯಿತು, ಇನ್ನು ಡ್ರೋನು, ಉಪಗ್ರಹ, ಕಂಪ್ಯೂಟರಿನೊಳಗೆ ನುಗ್ಗುವ ಕಳ್ಳರು, ನಮ್ಮ ನಡುವೆಯೇ ಇರುವ ಗೂಢಚಾರರು, ಹೀಗೆ. ಚಹಾದ ಗ್ಲಾಸು ರಾಜಧಾನಿ. ಅದರ ಸುತ್ತ ಇಟ್ಟ ಖಾರಿ ಬಿಸ್ಕತ್ತುಗಳು ಕ್ಷಿಪಣಿ ಹೊಡೆದುರುಳಿಸುವ ತೋಪುಗಳು. ಮೂರು ಸುತ್ತಿನ ಈ ಕೋಟೆಯನ್ನು ದಾಟಿ ಒಂದು ಹುಳವೂ ಒಳಗೆ ಬರಲಾರದು ಎಂದು ನಾನು ಸಾಧಿಸುತ್ತಿದ್ದಾಗ, ಚಹಾದಂಗಡಿಯವ ಕೆಟಲಿ ಹಿಡಿದುಕೊಂಡು ಬಗ್ಗಿ ನೋಡಿ ಹೇಳಿದ:

"ಕಾಕಾರ, ರಾಜಧಾನ್ಯಾಗ ನೊಣ ಬಿದ್ದೈತಿ ನೋಡ್ರಿ."

ಎಲ್ಲರೂ ನಕ್ಕರು. ನಾನು ನೊಣವನ್ನು ತೆಗೆದು ಎಸೆದು, ಇದಕ್ಕೇ ನಾಲ್ಕನೆಯ ಸುತ್ತು ಬೇಕು ಅನ್ನುವುದು ಎಂದೆ. ರಕ್ಷಣೆಗೆ ಸರ್ಕಾರ ಇನ್ನಷ್ಟು ಖರ್ಚು ಮಾಡಬೇಕು ಎಂಬ ನಿರ್ಣಯ ಆ ದಿನ ಸರ್ವಾನುಮತದಿಂದ ಪಾಸಾಯಿತು. ಪಶ್ಚಿಮದ ಇಡೀ ಗಡಿಗೆ ಉಕ್ಕಿನ ಗೋಡೆ ಕಟ್ಟುವುದಕ್ಕೂ ಒಮ್ಮತ ಸಿಕ್ಕಿತು. ಓಣಿಯ ಸಾರ್ವಜನಿಕ ನಲ್ಲಿ ಸೋರುತ್ತ ಎಷ್ಟೋ ದಿನವಾಗಿತ್ತು. ಅದಕ್ಕೊಂದು ವಾಷರ್ ಯಾರು ಹಾಕಿಸಬೇಕು ಎಂಬುದರಲ್ಲಿ ಮಾತ್ರ ಒಮ್ಮತ ಬರಲಿಲ್ಲ.

ಆಮೇಲೆ ಒಂದು ಸಂಜೆ ಸೈರನ್ ಕೂಗಿಸಿ ದೀಪ ಆರಿಸುವ ತಾಲೀಮು ನಡೆಯಿತು. ನನಗೆ ಯಾರೂ ಏನೂ ಹೇಳಿರಲಿಲ್ಲ. ಆದರೂ ಕಾವಲುಗಾರನ ಕಾಲದ ಸೀಟಿಯನ್ನು ಹುಡುಕಿ ತೆಗೆದು, ಅದನ್ನು ಊದುತ್ತ ಓಣಿಯ ತುಂಬ ಓಡಾಡಿದೆ. ರೊಟ್ಟಿ ಬೇಯಿಸುತ್ತಿದ್ದವರ ಗ್ಯಾಸ್ ಒಲೆ ಆರಿಸಿದೆ. ಬೀಡಿ ಹಚ್ಚಿದವನ ಬೀಡಿಯನ್ನು ಕಿತ್ತು ತುಳಿದೆ. ತಾಲೀಮು ಮುಗಿದು ಮನೆಗೆ ಬಂದಾಗ ನನ್ನ ಹೆಂಡತಿ ಅರೆಬೆಂದ ರೊಟ್ಟಿಯನ್ನು ತಾಟಿಗೆ ಹಾಕಿದಳು.

"ಇದನ್ನ ತಿನ್ರಿ. ವೈರಿ ನೋಡಿದ್ರ ಹೆದರಿ ಓಡಿ ಹೋಗ್ತಾನ," ಅಂದಳು.

ಇಷ್ಟು ಹೊತ್ತು ನಗಿಸುವ ಮಾತು ಹೇಳಿದೆ. ನಾನು ಹೇಳಲು ಕುಳಿತದ್ದು ಬೇರೆ.

ನಮ್ಮ ಮನೆಗೆ ಎದುರಾಗಿ, ಸ್ವಲ್ಪ ಏರಿನಲ್ಲಿ, ಒಂದು ತಗಡಿನ ಮಾಡಿನ ಖೋಲಿಯಿದೆ. ಅದರಲ್ಲಿ ಲಂಬಾಣಿ ಹೆಣ್ಣುಮಗಳೊಬ್ಬಳು ಬಾಡಿಗೆಗಿದ್ದಳು. ಗಂಡ ತೀರಿಹೋಗಿದ್ದ. ಬೇಸಿಗೆ ಮುಗಿಯುವವರೆಗೂ ಬೀಚಿನಲ್ಲಿ ಚೀಲ, ದಿಂಬಿನ ಹೊದಿಕೆ, ಗೋಡೆಗೆ ತೂಗುಹಾಕುವ ಕಸೂತಿ ಬಟ್ಟೆ ಮಾರುತ್ತಿದ್ದಳು. ಊರಕಡೆಯ ತಾಂಡಾಗಳಿಂದ ಹಳೆಯ ಲಂಗ, ಕುಪ್ಪಸದ ಕಸೂತಿ ತುಂಡುಗಳನ್ನು ಕೊಂಡು ತಂದು, ತೊಳೆದು, ಜೋಡಿಸಿ, ಹೊಸದಾಗಿ ಹೊಲಿಯುವುದು ಅವಳ ಉದ್ಯೋಗ. ಗೋವೆಯ ಮಳೆ ಹಿಡಿದರೆ ನಾಲ್ಕು ತಿಂಗಳು ಏನೂ ಒಣಗುವುದಿಲ್ಲ. ಹಾಗಾಗಿ ಮಳೆಗೆ ಮುಂಚೆ ಮೂಟೆಗಟ್ಟಲೆ ತುಂಡುಗಳನ್ನು ತೊಳೆದು ತಗಡಿನ ಮೇಲೆ ಹರವಿ ಒಣಗಿಸಿ ಇಟ್ಟುಕೊಳ್ಳುವಳು. ಮಳೆಗಾಲವೆಲ್ಲ ಒಳಗೆ ಕೂತು ಹೊಲಿದರೆ ಮುಂದಿನ ಸೀಜನ್ನಿಗೆ ಮಾಲು ತಯಾರು. ಬಿಸಿಲು ಬೀಳುವ ಆ ತಗಡು ಇದ್ದದ್ದಕ್ಕೇ ಅವಳು ಆ ಖೋಲಿ ಹಿಡಿದಿದ್ದು.

ಲಂಬಾಣಿ ಕಸೂತಿ ಅಂದರೆ ಕನ್ನಡಿ ಬಿಲ್ಲೆಗಳು. ಒಂದೊಂದು ತುಂಡಿಗೆ ಹತ್ತಾರು. ತಗಡಿನ ತುಂಬ ಹರವಿದರೆ ಸಾವಿರಾರು. ಊಟವಾದ ಮೇಲೆ ನಾನು ಪಡಸಾಲೆಯ ಮಂಚದ ಮೇಲೆ ಅಡ್ಡಾಗುವ ಹೊತ್ತಿಗೂ, ಸೂರ್ಯ ಆ ತಗಡಿಗೆ ನೇರವಾಗುವ ಹೊತ್ತಿಗೂ ಸರಿಯಾಗುತ್ತಿತ್ತು. ಗಾಳಿ ಬಂದಾಗಲೆಲ್ಲ ಬಟ್ಟೆ ಅಲುಗಿ, ನನ್ನ ಕಣ್ಣಿನ ಮೇಲೆ ಬೆಳಕಿನ ಚುಕ್ಕೆಗಳು ಕುಣಿಯುತ್ತಿದ್ದವು. ಮಗ್ಗಲು ಬದಲಿಸಿದರೆ ಗೋಡೆಯ ಮೇಲೆ ಕುಣಿಯುತ್ತಿದ್ದವು. ಎದ್ದು ಟಿವಿ ಹಾಕಿದರೆ, ಯುದ್ಧದ ನಕಾಶೆಯ ಮೇಲೂ ಅವೇ.

ಒಂದು ದಿನ ಹೊರಗೆ ಬಂದು ಕೂಗಿ ಹೇಳಿದೆ. "ಏ ಬಾಯಿ, ಆ ಬಟ್ಟಿ ತೆಗೀ. ಕಣ್ಣಾಗ ಬೆಳಕು ಹೊಡ್ಯಾಕತ್ತೈತಿ."

ಅವಳು ಏಣಿಯ ಮೇಲೆ ನಿಂತು ತುಂಡು ಹರವುತ್ತಿದ್ದಳು. ತಿರುಗಿ ನೋಡಿ ಅಂದಳು, "ಕಾಕಾ, ಸೂರ್ಯನ್ನ ನಾ ಹಚ್ಚಿಲ್ರಿ. ನಿಮ್ಮ ಮಂಚಾ ಸ್ವಲ್ಪ ಆ ಕಡೆ ಸರಸ್ರಿ."

"ಮಂಚಾ ಸರಸಾಕ ನನ್ನ ಮನಿ ಏನ್ ಅರಮನಿ ಐತೇನು?"

"ಮತ್ತ ನಿಮ್ಮ ಸೀಟಿ ಊದ್ರಿ. ಊದಿದ್ರ ಸೂರ್ಯನೂ ಆರ್ತಾನೇನೋ."

ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತ ಹೆಂಗಸರೆಲ್ಲ ನಕ್ಕರು. ಒಳಗಿನಿಂದ ನನ್ನ ಹೆಂಡತಿ ನಕ್ಕದ್ದೂ ಕೇಳಿಸಿತು. ಲಂಬಾಣಿ ಹೆಣ್ಣುಮಗಳು ಹೇಳಿದ್ದರಲ್ಲಿ ವಿಷವೇನೂ ಇರಲಿಲ್ಲ. ನಮ್ಮ ಕಡೆಯವರು ಮಾತಾಡುವುದೇ ಹಾಗೆ. ಆದರೆ ರಕ್ಷಣಾ ತಜ್ಞನಿಗೆ ಅದು ಹೆಂಗಸರ ಮುಂದೆ ಆದ ಅವಮಾನ.

ಮಾರನೆಯ ದಿನ ಬೆಳಿಗ್ಗೆ ಕಟ್ಟೆಯ ಮೇಲೆ ಕೂತಾಗ ತಲೆಯ ಮೇಲೆ ವಿಮಾನವೊಂದು ಇಳಿಯುತ್ತ ಹೋಯಿತು. ವಿಮಾನ ನಿಲ್ದಾಣ ನಮಗೆ ಹತ್ತಿರ. ದಿನಾ ಹೋಗುವ ವಿಮಾನ. ನಾನು ಅದನ್ನು ನೋಡುತ್ತ, ಏನೋ ಹೊಳೆದವನಂತೆ ಮೆಲ್ಲಗೆ ಹೇಳಿದೆ, "ವಿಮಾನ ಹೋಗೋ ದಾರಿಯಾಗ ಯಾರರ ಸಾವಿರ ಕನ್ನಡಿ ಇಟ್ರ, ಮ್ಯಾಲಿನವ್ರಿಗೆ ಅದು ಹೆಂಗ ಕಾಣ್ತೈತಿ?"

ಎಲ್ಲರೂ ತಲೆಯೆತ್ತಿ ವಿಮಾನ ಹೋದ ದಿಕ್ಕಿಗೆ ನೋಡಿದರು. ಆಮೇಲೆ ಒಬ್ಬ, "ಖರೇ ಅಲ್ರಿ?" ಅಂದ. ಅಷ್ಟೇ ಸಾಕಾಯಿತು. ಅರ್ಧ ಗಂಟೆಯಲ್ಲಿ ಆ ಕನ್ನಡಿಗಳು ಉಪಗ್ರಹಕ್ಕೆ ಗುರುತು ತೋರಿಸುವ ಸಾಧನಗಳಾಗಿದ್ದವು. ಬೀಚಿನಲ್ಲಿ ವಿದೇಶಿಯರ ಜೊತೆ ಅವಳು ಮಾತಾಡುವುದನ್ನು ಎಲ್ಲರೂ ನೋಡಿದ್ದರು. ಮಾರುವವಳು ಗಿರಾಕಿಯ ಜೊತೆ ಮಾತಾಡದೆ ಇನ್ನೇನು ಮಾಡಬೇಕು ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಮನೆಗೆ ಬಂದು ಫೋನಿನಲ್ಲಿ ಬರೆದೆ. "ವಿಮಾನ ನಿಲ್ದಾಣದ ಬಳಿ ಕನ್ನಡಿಗಳಿಂದ ಆಕಾಶಕ್ಕೆ ಸಂಕೇತ. ದೇಶಭಕ್ತರೇ ಎಚ್ಚರ." ಓಣಿಯ ವಾಟ್ಸಾಪ್ ಗುಂಪಿಗೆ ಹಾಕಿದೆ. ಸಂಜೆ ಗೋವೆಯ ಇನ್ನೊಂದು ತುದಿಯ ವಾಳಪೈಯಲ್ಲಿರುವ ನನ್ನ ಷಡ್ಡಕನಿಂದ ಒಂದು ಸಂದೇಶ ಬಂತು. ವಾಳಪೈ ಕಾಡಿನಲ್ಲಿ ದೊಡ್ಡ ಕನ್ನಡಿಗಳನ್ನು ನೆಟ್ಟು ಡ್ರೋನುಗಳನ್ನು ಇಳಿಸುತ್ತಿದ್ದಾರೆ, ಏಳು ಜನ ಸಿಕ್ಕಿದ್ದಾರೆ, ಇಬ್ಬರು ತಪ್ಪಿಸಿಕೊಂಡಿದ್ದಾರೆ. ಕೊನೆಯಲ್ಲಿ "ದೇಶಭಕ್ತರೇ ಎಚ್ಚರ" ಎಂಬುದು ಮಾತ್ರ ನನ್ನದು. ಆದರೂ ಅದನ್ನು ಓದಿ ನನಗೆ ನಿಜವಾಗಿ ಹೆದರಿಕೆಯಾಯಿತು. ಅಷ್ಟು ದೂರ ಹಬ್ಬಿದೆಯಲ್ಲ ಜಾಲ ಎಂದು ಬಾಗಿಲ ಚಿಲಕ ಹಾಕಿಕೊಂಡೆ.

ಮರುದಿನ, ಅನುಮಾನ ಬಂದರೆ ತಿಳಿಸಿ ಎಂದು ಟಿವಿಯಲ್ಲಿ ಹೇಳಿದ್ದ ಪೊಲೀಸ್ ನಂಬರಿಗೆ ಫೋನು ಮಾಡಿದೆ. ನನ್ನ ಹಿಂದಿ ಬಂದರಿನ ಹಿಂದಿ, ಬೈಗುಳ ಬಿಟ್ಟರೆ ಉಳಿದದ್ದು ಕಡಿಮೆ. ಆ ಕಡೆಯವರಿಗೆ "ಶೀಶಾ", "ಹವಾಯಿ ಜಹಾಜ್", ಅಂದರೆ ಕನ್ನಡಿ, ವಿಮಾನ, ಇವೆರಡೂ ನಮ್ಮ ಓಣಿಯ ಗುರುತೂ ಅರ್ಥವಾದವು. ಹೆಸರು ಕೇಳಿದಾಗ ಫೋನಿಟ್ಟುಬಿಟ್ಟೆ. ಗೂಢಚಾರರ ವಿರುದ್ಧ ಕೆಲಸ ಮಾಡುವವರು ಹೆಸರು ಹೇಳಬಾರದು ಎಂದು ನನಗೆ ನಾನೇ ಹೇಳಿಕೊಂಡೆ.

ಪೊಲೀಸರು ಇಬ್ಬರು ಬಂದರು. ನಾನು ಕಿಟಕಿಯ ಸಂದಿನಿಂದ ನೋಡಿದೆ. ತಗಡಿನ ಮೇಲಿನದನ್ನೆಲ್ಲ ಕೆಳಗಿಳಿಸಿದರು, ಮೂಟೆ ಬಿಚ್ಚಿಸಿದರು, ಒಬ್ಬ ಒಂದು ಚೀಲ ಎತ್ತಿ ತಿರುಗಿಸಿ ತಿರುಗಿಸಿ ನೋಡಿ, ತನ್ನ ಹೆಂಡತಿಗೆ ಬೇಕೆಂದು ಬೆಲೆ ಕೇಳಿದ. ಚೌಕಾಶಿ ಕುದುರಲಿಲ್ಲ. ನಗುತ್ತಲೇ ಹೊರಟುಹೋದರು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಹೋಗುವಾಗ ಒಂದು ಮಾತು ಕೇಳಿದರಂತೆ: ಈ ಖೋಲಿಯ ಮಾಲೀಕ ಯಾರು, ಬಾಡಿಗೆದಾರಳ ವಿವರವನ್ನು ಠಾಣೆಗೆ ಕೊಟ್ಟಿದ್ದಾನೆಯೇ? ಮಾಲೀಕ ಕೊಟ್ಟಿರಲಿಲ್ಲ. ನಮ್ಮ ಓಣಿಯ ಯಾವ ಮಾಲೀಕನೂ ಸರಿಯಾಗಿ ಕೊಟ್ಟಿರಲಾರ. ಆದರೆ ಪೊಲೀಸರು ಬಂದದ್ದು ಇವನ ಬಾಗಿಲಿಗೆ. ಅವನು ಹೆದರಿ, ತಿಂಗಳು ಮುಗಿಯುವುದರೊಳಗೆ ಖೋಲಿ ಖಾಲಿ ಮಾಡು ಎಂದು ಅವಳಿಗೆ ಹೇಳಿಬಿಟ್ಟ.

ಅವಳು ಸಹಾಯ ಕೇಳಲು ಬಂದದ್ದು ನನ್ನ ಹತ್ತಿರ.

ಪಡಸಾಲೆಯ ಮೆಟ್ಟಿಲ ಮೇಲೆ ಕೂತಳು. "ಕಾಕಾ, ನೀವು ಶ್ಯಾಣ್ಯಾರು, ನಾಕು ಅಕ್ಷರ ಕಲ್ತವ್ರು. ಮಾಲೀಕಗ ಒಂದ್ ಮಾತು ಹೇಳ್ರಿ. ಮಳಿ ಬಾಗಿಲಿಗೆ ಬಂದೈತಿ. ಅರ್ಧ ಮಾಲು ಹಸಿ ಐತಿ. ಈಗ ಬಿಟ್ರ ಎಲ್ಲಿ ಹರವಲಿ, ಎಲ್ಲಿ ಹೊಲೀಲಿ? ವರ್ಷದ ಕೂಳು ಹೋಗ್ತೈತ್ರಿ. ನಿಮ್ಮ ಕಣ್ಣಿಗೆ ಬೆಳಕು ಬೀಳದಂಗ ನಾ ಆ ಕಡೆ ಹರವ್ತೀನಿ, ಸಿಟ್ಟು ಇಟ್ಕೋಬ್ಯಾಡ್ರಿ."

ನೋಡೋಣ ತಂಗಿ ಎಂದೆ. ನನ್ನ ಹೆಂಡತಿ ಒಳಗಿನಿಂದ ಚಹಾ ತಂದು ಅವಳಿಗೆ ಕೊಟ್ಟು, ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು.

ಮಾಲೀಕನ ಹತ್ತಿರ ಹೋದೆ. ಅವನು ಇಲ್ಲಿಯವನೇ, ನನ್ನಷ್ಟೇ ವಯಸ್ಸಾದವನು, ಕೆಟ್ಟವನಲ್ಲ. ಅಂಗಳದಲ್ಲಿ ಕುರ್ಚಿ ಹಾಕಿಕೊಟ್ಟು ಕೊಂಕಣಿಯಲ್ಲಿ ಹೇಳಿದ, "ನೋಡಿ ಬಾಬಾ, ಅವಳ ಮೇಲೆ ನನಗೇನೂ ಕೋಪವಿಲ್ಲ. ಫೋನು ಮಾಡಿದವನು ಯಾರೋ, ಅವನು ಬಂದು ನನ್ನ ಮುಂದೆ 'ತಪ್ಪು ತಿಳಿದಿದ್ದೆ, ಇನ್ನು ಮಾಡುವುದಿಲ್ಲ' ಅಂದರೆ ಸಾಕು. ಅವಳು ಇರಲಿ. ಇಲ್ಲದಿದ್ದರೆ ಅವನು ನಾಳೆ ಮತ್ತೆ ಮಾಡುತ್ತಾನೆ, ಪೊಲೀಸರು ಮತ್ತೆ ಬರುತ್ತಾರೆ."

ಇದಕ್ಕಿಂತ ಸುಲಭದ ಷರತ್ತು ಯಾವ ಒಪ್ಪಂದದಲ್ಲೂ ಇರಲಾರದು. ಎರಡು ವಾಕ್ಯ ಹೇಳಿದ್ದರೆ ಮುಗಿಯುತ್ತಿತ್ತು. ನಾನು ಹೇಳಲಿಲ್ಲ. "ಯಾರು ಮಾಡಿದರೋ, ಕಾಲ ಕೆಟ್ಟಿದೆ," ಎಂದು ಹೇಳಿ, ಅವನು ಕೊಟ್ಟ ಕೋಕಂ ಶರಬತ್ತು ಕುಡಿದು ಎದ್ದು ಬಂದೆ. ಅವಳಿಗೆ, ಪ್ರಯತ್ನ ಮಾಡಿದೆ, ಒಪ್ಪಲಿಲ್ಲ ಅಂದೆ. ಫೋನು ಮಾಡಿದ್ದು ಸಿಟ್ಟಿನಲ್ಲಿ, ಅದಕ್ಕೆ ಮೂರ್ಖತನದ ನೆಪವಾದರೂ ಇದೆ. ಆ ಅಂಗಳದಲ್ಲಿ ಸುಮ್ಮನೆ ಶರಬತ್ತು ಕುಡಿದದ್ದಕ್ಕೆ ಯಾವ ನೆಪವೂ ಇಲ್ಲ.

ಹೆಂಡತಿ ನಾಲ್ಕು ದಿನ ಏನೂ ಕೇಳಲಿಲ್ಲ. ಐದನೆಯ ದಿನ ಜೋಳ ಹಸನು ಮಾಡುತ್ತ, ತಲೆಯೆತ್ತದೆ ಕೇಳಿದಳು.

"ಫೋನು ನೀವ ಮಾಡಿದ್ರಿ ಹೌದಿಲ್ರೀ?"

"ದೇಶದ ವಿಷಯದಾಗ..."

"ದೇಶಾ ಅನಬ್ಯಾಡ್ರಿ. ನಿಮ್ಗ ಮಧ್ಯಾಹ್ನದಾಗ ನಿದ್ದಿ ಬರಲಿಲ್ಲ. ಅಷ್ಟ. ನಿದ್ದಿ ಬರಲಿಲ್ಲಂದ್ರ ಕಿಟಿಕಿಗೆ ಒಂದು ಚಾದರ ಕಟ್ಟಬೇಕಾಗಿತ್ತು. ಪೊಲೀಸರನ್ನ ಕಟ್ಟಿದ್ರಿ." ಜೋಳದೊಳಗಿನ ಹರಳೊಂದನ್ನು ಆರಿಸಿ ಹೊರಗೆ ಎಸೆದಳು. "ನೀವು ಹೇಳದಿದ್ರ ನಾ ಹೇಳ್ತೀನಿ. ನಾ ಹೇಳಿದ್ರ ನಿಮ್ಗ ಇನ್ನೂ ಚಂದ ಕಾಣ್ತೈತಿ."

ಮೊದಲು ಕಟ್ಟೆಗೆ ಹೋದೆ. ಸುದ್ದಿ ಹುಟ್ಟಿದ ಕಡೆಯೇ ಅದನ್ನು ಕೊಲ್ಲಬೇಕು ಎಂದು ಲೆಕ್ಕ ಹಾಕಿದ್ದೆ. ಎಲ್ಲರ ಮುಂದೆ ಹೇಳಿದೆ: ಆ ಕನ್ನಡಿಯಲ್ಲಿ ಏನೂ ಇಲ್ಲ, ನನ್ನ ನಿದ್ದೆ ಕೆಟ್ಟಿತ್ತು, ಅವಳು ನನ್ನನ್ನು ಗೇಲಿ ಮಾಡಿದ್ದಳು, ನಾನು ಸುಳ್ಳು ಕಟ್ಟಿದೆ.

ಚಹಾದಂಗಡಿಯವ ಕೆಟಲಿ ಕೆಳಗಿಟ್ಟ. ಆಮೇಲೆ ಒಬ್ಬ ನನ್ನ ಭುಜ ತಟ್ಟಿದ. "ಕಾಕಾರು ಭಾಳ ದೊಡ್ಡ ಮನಸ್ಸಿನವ್ರು. ಹೆಣ್ಣುಮಗಳು ಅಂತ ಕರುಣಾ ಬಂದೈತಿ."

"ಕರುಣಾ ಅಲ್ಲೋ, ಖರೇನ ಸುಳ್ಳು ಹೇಳಿದ್ನಿ!"

ಇನ್ನೊಬ್ಬ ದನಿ ತಗ್ಗಿಸಿದ. "ಮ್ಯಾಲಿನವ್ರು ಹಿಂಗ ಹೇಳಂತ ನಿಮ್ಗ ಹೇಳಿರಬೇಕು. ತನಿಖೀ ನಡದಾಗ ಬಾಯಿ ಬಿಡಬಾರದು. ತಿಳೀತ್ರಿ ನಮಗ. ನಾವೂ ಬಿಡಂಗಿಲ್ಲ."

ನಾನು ಸುಳ್ಳು ಹೇಳಿದಾಗ ಒಂದೇ ಮಾತಿಗೆ ನಂಬಿದವರು, ನಿಜ ಹೇಳಿದಾಗ ನಂಬಲಿಲ್ಲ. ಅವರದೂ ತಪ್ಪಿಲ್ಲ. ಇಷ್ಟು ವರ್ಷ ಮೂಟೆ ಹೊತ್ತು, ಗಾರೆ ಕಲಸಿ, ಯಾರ ಲೆಕ್ಕಕ್ಕೂ ಬಾರದೆ ಬದುಕಿದ್ದ ನಮಗೆ, ನಮ್ಮ ಓಣಿಯಲ್ಲೊಬ್ಬ ಗೂಢಚಾರಿಣಿ ಇದ್ದಳು, ನಾವು ಅವಳನ್ನು ಹಿಡಿದೆವು ಎಂಬುದು ಸಣ್ಣ ಹೆಮ್ಮೆಯಲ್ಲ. ಅದನ್ನು ಕಿತ್ತುಕೊಳ್ಳಲು ಬಂದವನ ಮಾತು ಅವರ ಕಿವಿಗೆ ಇಳಿಯಲಿಲ್ಲ. ಆ ದಿನ ನನಗೆ ಕೊಟ್ಟ ಚಹಾ ಮಾತ್ರ ಸ್ಪೆಷಲ್, ಏಲಕ್ಕಿ ಹಾಕಿದ್ದು.

ಅಲ್ಲಿಂದ ಮಾಲೀಕನ ಮನೆಗೆ ಹೋದೆ. ಅವನು ಪೂರ್ತಿ ಕೇಳಿದ. ಈ ಸಲ ಕುರ್ಚಿ ಹಾಕಲಿಲ್ಲ.

"ನೀನು ಅವತ್ತು ಇಲ್ಲೇ ಕೂತಿದ್ದೆಯಲ್ಲ," ಅಂದ.

"ಹೌದು."

"ನಿನ್ನೆ ಬೇರೆಯವರಿಗೆ ಮಾತು ಕೊಟ್ಟೆ. ಅವರು ಸಾಮಾನು ತರುತ್ತಿದ್ದಾರೆ. ನಿನ್ನೆ ಬೆಳಿಗ್ಗೆ ಬಂದಿದ್ದರೂ ಆಗುತ್ತಿತ್ತು."

ಹೊರಗೆ ಬಂದಾಗ ಆಕಾಶ ಕಪ್ಪಾಗಿತ್ತು. ಅವಳು ಖೋಲಿಯೊಳಗೆ ಒಣಗಿದ ತುಂಡುಗಳನ್ನು ಒಂದು ಮೂಟೆಯಲ್ಲೂ ಹಸಿಯವನ್ನು ಇನ್ನೊಂದರಲ್ಲೂ ಕಟ್ಟುತ್ತಿದ್ದಳು. ಹಸಿಯದೇ ದೊಡ್ಡದಾಗಿತ್ತು. ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದೆ, ಶರಬತ್ತಿನ ಸಂಗತಿಯನ್ನೂ ಸೇರಿಸಿ. ನನ್ನ ದನಿ ಒಡೆಯಿತು. ಅವಳು ಮೂಟೆಯ ಗಂಟನ್ನು ಹಲ್ಲಿನಿಂದ ಕಚ್ಚಿ ಎಳೆದು ಬಿಗಿ ಮಾಡಿದಳು.

"ಅಳಬ್ಯಾಡ್ರಿ. ಬಟ್ಟಿ ಮೊದಲ ಹಸಿ ಅದಾವು," ಅಂದಳು.

ನಮ್ಮ ಕಡೆ ಯಾರೂ ಅವಳಿಗೆ ಖೋಲಿ ಕೊಡಲಿಲ್ಲ. ಸುದ್ದಿ ಎಲ್ಲ ಓಣಿಗೂ ಹೋಗಿತ್ತು. ಪರ್ವರಿಯಲ್ಲಿ ಕಟ್ಟಡದ ಕೆಲಸಕ್ಕೆ ಹೋಗುವ ಅವಳ ಅಕ್ಕ ಇದ್ದಳು. ಅಲ್ಲಿಗೆ ಮೂಟೆ ಸಾಗಿಸಿದಳು. ಹತ್ತು ಹನ್ನೆರಡು ದಿನದ ಮೇಲೆ ನನಗೆ ಅವಳಿಂದಲೇ ಫೋನು ಬಂತು.

"ಕಾಕಾ, ನಾಳಿ ಪರ್ವರಿಗೆ ಬರ್ರಿ. ಅಕ್ಕನ ತಗಡಿನ ಶೆಡ್ಡಿನಾಗ ನೀರು ಸೋರ್ತೈತಿ, ಮಾಲಿಗೆ ಬೂಸಲು ಹಿಡ್ಯಾಕತ್ತೈತಿ. ಇಲ್ಲೊಂದು ಚಲೋ ಖೋಲಿ ಐತಿ. ಮಾಲೀಕಳು ಹಳೀ ಮನಿ ಯಾಕ ಬಿಟ್ಟಿ ಅಂತ ಕೇಳ್ಯಾಳ. ನಾ ಹೇಳಿದ್ರ ನಂಬಂಗಿಲ್ಲ. ನೀವ ಬಂದ್ ಹೇಳ್ರಿ."

ಕ್ಷಮಿಸಿದೆ ಎಂದಾಗಲಿ, ಕ್ಷಮಿಸುವುದಿಲ್ಲ ಎಂದಾಗಲಿ ಹೇಳಲಿಲ್ಲ. ಕೆಲಸವಿತ್ತು, ಕರೆದಳು.

ಎರಡು ಬಸ್ಸು ಬದಲಿಸಿ, ನೆನೆದುಕೊಂಡು ಹೋದೆ. ಹೆಂಡತಿಯೂ ಬಂದಳು, ನನ್ನ ಮಾತಿಗೆ ಕಾವಲಾಗಿ. ಮಾಲೀಕಳು ಕನ್ನಡಕ ಹಾಕಿದ, ಶಾಲೆಯ ಟೀಚರಾಗಿದ್ದವಳಂತೆ ಕಾಣುವ ಹೆಂಗಸು. ಖೋಲಿ ಅವಳ ಮನೆಯ ಹಿಂದೆ. ಸೋರದ್ದು, ಅಗಲವಾದ ಕಿಟಕಿಯದು, ಕುಳಿತು ಹೊಲಿಯಲು ಹೇಳಿ ಮಾಡಿಸಿದಂಥದು. ನಾನು ನನ್ನ ಹರಕು ಕೊಂಕಣಿಯಲ್ಲಿ ಮೊದಲಿನಿಂದ ಹೇಳಿದೆ. ಮಂಚ, ನಿದ್ದೆ, ಕನ್ನಡಿ, ಸೀಟಿ, ಫೋನು. ಉಪಗ್ರಹದ ವಿಷಯ ಬಂದಾಗ ಅವಳು ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡಳು. ನಗುತ್ತಿದ್ದಾಳೋ ಏನೋ ತಿಳಿಯಲಿಲ್ಲ. ಎಲ್ಲ ಮುಗಿದ ಮೇಲೆ ಅವಳು ಕೇಳಿದ್ದು ಒಂದೇ ಪ್ರಶ್ನೆ.

"ಹಾಗಾದರೆ ಪೊಲೀಸರನ್ನು ಕರೆಸುವವನು ನೀನು?"

"ಹೌದು ಬಾಯಿ."

"ಇವಳಿಂದ ನನಗೆ ತೊಂದರೆಯಿಲ್ಲ. ಖೋಲಿ ಕೊಡುತ್ತೇನೆ, ನಾಳೆಯೇ ಠಾಣೆಗೆ ವಿವರವನ್ನೂ ಕೊಡುತ್ತೇನೆ. ಆದರೆ ನೀನು ಮತ್ತೆ ಈ ಕಡೆ ಬರಕೂಡದು. ಇವಳನ್ನು ನೋಡಲೂ ಬರಕೂಡದು. ಒಪ್ಪಿಗೆಯೇ?"

ನನ್ನ ಹೆಂಡತಿ, ನಾನು ಬಾಯಿ ತೆರೆಯುವ ಮೊದಲೇ, "ಒಪ್ಪಿಗಿ ಐತ್ರಿ ಬಾಯಾರ, ಭಾಳ ಒಪ್ಪಿಗಿ ಐತಿ," ಎಂದು ಕನ್ನಡದಲ್ಲೇ ಹೇಳಿಬಿಟ್ಟಳು. ಮಾಲೀಕಳಿಗೆ ಭಾಷೆ ಬರದಿದ್ದರೂ ಅರ್ಥವಾಯಿತು.

ಅಪಾಯ ಯಾವ ಕಡೆಯಿಂದ ಬರುತ್ತದೆ ಎಂದು ಗುರುತಿಸಿ, ಅದನ್ನು ಹೊರಗೇ ನಿಲ್ಲಿಸುವುದು. ನಾನು ಆ ಬೇಸಿಗೆಯಿಡೀ ಬಿಸ್ಕತ್ತು ಜೋಡಿಸಿ ಹೇಳಲು ಹೆಣಗಿದ್ದನ್ನು ಆ ಹೆಂಗಸು ಅಂಗಳದಲ್ಲಿ ನಿಂತು ಮೂರು ಮಾತಿನಲ್ಲಿ ಮುಗಿಸಿದ್ದಳು.

ಲಂಬಾಣಿ ಹೆಣ್ಣುಮಗಳು ಬಸ್ ಸ್ಟಾಪಿನ ತನಕ ನಮ್ಮ ಜೊತೆ ಬಂದಳು. ಬೀಳ್ಕೊಡಲು ಎಂದುಕೊಂಡು ನನ್ನ ಕಣ್ಣು ತುಂಬಿತು. ಬಸ್ಸು ಬಂದಾಗ ನನ್ನ ಹೆಂಡತಿಯ ಕೈ ಹಿಡಿದು ಹತ್ತಿಸಿದಳು. ನಾನೂ ಹತ್ತಿ, ಏನಾದರೂ ಹೇಳಬೇಕೆಂದು ಬಾಗಿಲಿನಿಂದ ತಿರುಗಿದೆ.

"ಒಳಗ ನಡೀರಿ ಕಾಕಾ," ಅಂದಳು ಅವಳು. "ಬಾಗಿಲ್ದಾಗ ನಿಲ್ಲಬ್ಯಾಡ್ರಿ." ಕಂಡಕ್ಟರನಿಗೆ, ಈ ಅಜ್ಜನನ್ನು ಕೊನೆಯ ಸ್ಟಾಪಿಗೆ ಮುಂಚೆ ಎಲ್ಲೂ ಇಳಿಸಬೇಡ ಎಂದು ಕೊಂಕಣಿಯಲ್ಲಿ ಹೇಳಿ, ಬಸ್ಸು ತಿರುವು ದಾಟುವ ತನಕ ಮಳೆಯಲ್ಲೇ ನಿಂತು ನೋಡಿದಳು.